ರೂಮಿನ ಅಕ್ಕನ ತೂಕ

ಮೂರು ವರ್ಷದ ಹಿಂದೆ, ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೇಹದಾರ್ಢ್ಯ ಪರೀಕ್ಷೆಗೆ ಮೈಸೂರಿಗೆ ಹೋಗಿದ್ದ ನಮ್ಮ ರೂಮಿನ ಅಕ್ಕನನ್ನು ತೂಕ ಸಾಲದೆಂದು ಮೈದಾನದಿಂದ ಹೊರಗೆ ಕಳಿಸಿದರು. ಬರಿಗಾಲಲ್ಲಿ ಯಂತ್ರದ ಮೇಲೆ ನಿಂತಿದ್ದಾಗ ಅವಳ ಬಲಗಾಲಿನ ಹೆಬ್ಬೆರಳು ಒಂದೇ ಸಮನೆ ಕುಣಿಯುತ್ತಿತ್ತಂತೆ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವರು "ಅಲ್ಲಾಡಬೇಡಮ್ಮ, ಅಂಕಿ ನಿಲ್ತಾ ಇಲ್ಲ" ಎಂದರಂತೆ. ಅಂಕಿ ನಿಂತಿತು. ಬೇಕಾದಷ್ಟಕ್ಕಿಂತ ಚೂರು ಕೆಳಗೆ ನಿಂತಿತು.

ಆ ಹೆಬ್ಬೆರಳನ್ನು ನಾನು ಬಲ್ಲೆ. ಹುಣಸೂರಿನ ಖಾಸಗಿ ಲೇಡೀಸ್ ಹಾಸ್ಟೆಲಿನಲ್ಲಿ ನನ್ನ ಮಂಚಕ್ಕೆ ಎದುರು ಮಂಚ ಅವಳದು. ಕೂತು ಓದುವಾಗ ಕಾಲು ಕುಣಿಯುತ್ತಿತ್ತು, ಮಲಗಿದರೂ ಹೊದಿಕೆಯೊಳಗೆ ಕುಣಿಯುತ್ತಿತ್ತು. ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಪುಸ್ತಕ ಹಿಡಿದು ರೂಮಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು. ಮೆಸ್ಸಿನಲ್ಲಿ ಮುದ್ದೆಯ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಿದ್ದಳು. "ಕುಂತ್ಕೊಂಡು ಉಣ್ಣಕ್ಕ, ಯಾರೂ ಕಿತ್ಕೊಳ್ಳಲ್ಲ" ಎಂದರೆ, "ಕುಂತ್ರೆ ನಿದ್ದೆ ಬತ್ತದೆ ಕಣಮ್ಮಿ" ಎನ್ನುತ್ತಿದ್ದಳು.

ಅವಳು ಪಿರಿಯಾಪಟ್ಟಣದ ಕಡೆಯವಳು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಮಳೆಗಾಲದಲ್ಲಿ ಭಾನುವಾರ ಊರಿಗೆ ಹೋಗಿ ಸೋಮವಾರ ಬರುವಳು. ಬಂದಾಗ ಹತ್ತೂ ಬೆರಳು ಕಪ್ಪಾಗಿ, ಅಂಟಂಟಾಗಿರುತ್ತಿದ್ದವು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿದ ಕೈ ಅದು. ಆ ಜಿಗುಟು ಸೋಪಿಗೆ ಹೋಗುವುದಿಲ್ಲ. ಟೊಮೆಟೊ ಹಿಂಡಿ ಉಜ್ಜುತ್ತಿದ್ದಳು, ಉಜ್ಜುತ್ತಲೇ ನಡೆಯುತ್ತಿದ್ದಳು. ಎಷ್ಟು ಉಜ್ಜಿದರೂ ಎರಡು ದಿನ ಅವಳ ಬಾಯಿಗೆ ಅನ್ನವೆಲ್ಲ ಕಹಿ.

ಡಿಗ್ರಿ ಮುಗಿಸಿ, ಹಾಸ್ಟೆಲಿನಲ್ಲೇ ಉಳಿದು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ಲಿಖಿತ ಪರೀಕ್ಷೆ ಪಾಸಾಗಿತ್ತು. ಓಟದ ಚಿಂತೆ ಇರಲಿಲ್ಲ. ಬೆಳಗಾಗುವ ಮುಂಚೆ ಎದ್ದು ಗುರುಪುರದ ರಸ್ತೆಯಲ್ಲಿ ಓಡಿ ಬರುತ್ತಿದ್ದಳು. ಉಳಿದಿದ್ದು ತೂಕ ಒಂದೇ. ನಾಲ್ಕು ಕಿಲೊ ಕಡಿಮೆ ಇತ್ತು. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಈ ಸಲ ಆಗದಿದ್ದರೆ ಇನ್ನೊಂದು ಸಲ, ಅಷ್ಟೇ. ಅದೂ ಹೋದರೆ ಸೊಪ್ಪು ಕಟ್ಟುವ ಕಡ್ಡಿಯೇ ಗತಿ ಎಂದು ಅವಳೇ ಹೇಳುತ್ತಿದ್ದಳು.

ರೂಮಿನಲ್ಲಿ ಮೂರು ಜನ. ಮೂರನೆಯವಳು ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನವಳು. ಕೇರಳದ ಗಡಿ ಪಕ್ಕದ ಹುಡುಗಿಯಾದ್ದರಿಂದ ಅಕ್ಕನನ್ನು ಚೇಚಿ ಎಂದು ಕರೆಯುತ್ತಿದ್ದಳು. ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ, ಕರೆಂಟಿನ ಕೆಟ್ಲು ಇಡುವಂತಿಲ್ಲ. ಮೆಸ್ಸಿನಲ್ಲಿ ಎರಡನೇ ಮುದ್ದೆ ಕೇಳಿದರೆ ಸಿಗುತ್ತಿತ್ತು. ಆದರೆ ಒಂದು ಮುದ್ದೆಗೇ ಅಕ್ಕನ ಹೊಟ್ಟೆ ತುಂಬುತ್ತಿತ್ತು. ಆದ್ದರಿಂದ ಒಲೆ ಬೇಡದ, ಹೊಟ್ಟೆಯಲ್ಲಿ ಹೆಚ್ಚು ಜಾಗ ಕೇಳದ ತಿನಿಸು ಬೇಕಿತ್ತು. ಅವಳೇ ಹೊಂದಿಸಿಕೊಂಡಳು. ಊರಿಂದ ರಾಗಿ ಹುರಿಹಿಟ್ಟು ತಂದಳು. ದೊಡ್ಡ ಸ್ಟೀಲ್ ಲೋಟದಲ್ಲಿ ಎರಡು ಬಾಳೆಹಣ್ಣು ಕಿವುಚಿ, ಹುರಿಹಿಟ್ಟು, ಬೆಲ್ಲದ ಪುಡಿ ಹಾಕಿ, ಮೆಸ್ಸಿನಿಂದ ತಂದ ಕಾದ ಹಾಲು ಸುರಿದು ಕಲಸುವಳು. ಮೇಲೆ ಒಂದು ಹಿಡಿ ಕಡ್ಲೆಕಾಯಿ ಬೀಜ. ಕಿಸೆಯಲ್ಲಿ ಕೊಬ್ಬರಿ ಚೂರು. ಅನ್ನದ ಮೇಲೆ ಹಾಕಿಕೊಳ್ಳಲು ಮಂಚದ ಕೆಳಗೆ ತುಪ್ಪದ ಡಬ್ಬಿ.

ಎಲ್ಲವೂ ಸರಿ ಇತ್ತು. ಆದರೆ ಲೋಟ ಕಲಸಿದ ಮೇಲೆ ಅವಳು ಸುತ್ತ ನೋಡುತ್ತಿದ್ದಳು. ನಾವಿಬ್ಬರೂ ಇರುತ್ತಿದ್ದೆವು. "ಲೋಟ ತಗೊಂಬನ್ರೇ" ಎನ್ನುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ. "ಎದುರ್ಗೆ ಇರೋರ್ನ ಬುಟ್ಟು ತಿಂದಿದ್ದು ಮೈಗೆ ಅತ್ತಾಕಿಲ್ಲ ಕಣಮ್ಮಿ. ನಮ್ಮವ್ವ ಯೋಳಿರೋದು." ನಾವು ಕುಡಿಯುವ ತನಕ ಅವಳು ಬಾಯಿಗಿಡುತ್ತಿರಲಿಲ್ಲ.

ನಾನು ಸಾಲಿಗ್ರಾಮದ ಕಡೆಯಿಂದ ಬಂದವಳು. ಹಾಸ್ಟೆಲಿಗೆ ಬಂದ ಹೊಸದರಲ್ಲಿ ಮೆಸ್ಸಿನ ಊಟ ಸೇರದೆ ಬಿಸ್ಕತ್ತು ತಿಂದುಕೊಂಡು ಇದ್ದೆ. ಒಮ್ಮೆ ಕಾಲೇಜಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಾಗ ರಕ್ತ ಕಡಿಮೆ ಎಂದಿದ್ದರು. ಅಂದಿನಿಂದ ನನ್ನ ಲೋಟಕ್ಕೆ ಅಕ್ಕ ಎರಡು ಚಮಚ ಜಾಸ್ತಿಯೇ ಬಗ್ಗಿಸುತ್ತಿದ್ದಳು.

ಹಾಸ್ಟೆಲಿನಲ್ಲಿ ತೂಕದ ಯಂತ್ರ ಇರಲಿಲ್ಲ. ಹಿಂದಿನ ಬೀದಿಯ ಗುಜರಿ ಅಂಗಡಿಗೆ ಹೋಗುತ್ತಿದ್ದೆವು. ಹಳೇ ಕಬ್ಬಿಣ ತೂಗುವ ಹಲಗೆ ಅಲ್ಲಿತ್ತು. ಅಂಗಡಿಯ ಭಾಯಿ ನಮ್ಮನ್ನು ನೋಡಿದ ಕೂಡಲೆ ಹಲಗೆ ಒರೆಸಿ, "ಬನ್ರಮ್ಮ. ಪೇಪರ್ ರೇಟ್ ಹಾಕ್ಲಾ, ಕಬ್ಬಿಣದ್ ರೇಟಾ?" ಎನ್ನುತ್ತಿದ್ದರು. ಜೂನ್, ಜುಲೈ ಎರಡೂ ತಿಂಗಳು ತೂಗಿದೆವು. ನಾನು ಏರಿದೆ. ಬೇಗೂರಿನವಳು ಏರಿದಳು. ಅಕ್ಕ ಇದ್ದಲ್ಲೇ ಇದ್ದಳು.

"ಬೇಟಿ, ತಿನ್ನೋದು ಯಾರು, ಊದೋದು ಯಾರು?" ಎಂದರು ಭಾಯಿ.

ಅಕ್ಕ ನಕ್ಕಳು. ಬರುವಾಗ ದಾರಿಯುದ್ದಕ್ಕೂ ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಹಾಸ್ಟೆಲ್ ಗೇಟಿನ ಹತ್ತಿರ ತಿರುಗಿ, "ನಾನು ಓಡೋದು ನಿಲ್ಲಿಸ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಓಡಿದಳು.

ಆ ಆಗಸ್ಟಿನಲ್ಲಿ ನನ್ನ ದೊಡ್ಡಕ್ಕನಿಗೆ ಹೆರಿಗೆಯಾಯಿತು. ಮನೆಯಲ್ಲಿ ಅಂಟಿನುಂಡೆ ಕಟ್ಟಿದರು. ಕೊಬ್ಬರಿ, ಬೆಲ್ಲ, ತುಪ್ಪ, ಹುರಿದ ಅಂಟು, ಗಸಗಸೆ. ನಮ್ಮ ರೂಮಿನ ಸಂಗತಿ ಹೇಳಿದಾಗ ಅವ್ವ ಬೇರೆಯಾಗಿಯೇ ಕಟ್ಟಿ ಒಂದು ಡಬ್ಬಿ ತುಂಬ ಹಾಕಿಕೊಟ್ಟಳು. ನಮ್ಮ ಕಡೆ ಬಾಣಂತಿಯ ಡಬ್ಬಿಗೆ ಬೇರೆ ಯಾರೂ ಕೈ ಹಾಕುವುದಿಲ್ಲ. ಮನೆಯ ಮಕ್ಕಳು ಅತ್ತರೂ ಕೊಡುವುದಿಲ್ಲ. ಡಬ್ಬಿ ನೋಡುತ್ತಲೇ ಬೇಗೂರಿನವಳಿಗೆ ಹೊಳೆಯಿತು. ತನ್ನ ವೇಲು ತೆಗೆದು ಅಕ್ಕನ ತಲೆಗೆ ಬಿಗಿಯಾಗಿ ಸುತ್ತಿದಳು, ಎರಡೂ ಕಿವಿಗೆ ಹತ್ತಿ ಇಟ್ಟಳು, ಕಾಲಿನ ಮೇಲೆ ಕಂಬಳಿ ಹೊದಿಸಿದಳು.

"ಚೇಚಿ, ಇವತ್ತಿಂದ ನೀನು ಬಾಣಂತಿ. ಈ ಡಬ್ಬಿಗೆ ಪಾಲಿಲ್ಲ."

"ಅಯ್ಯೋ ಬುಡ್ರೇ, ಮದ್ವೆನೇ ಆಗಿಲ್ಲ" ಎಂದು ಅಕ್ಕ ನಕ್ಕಳು. ಆದರೆ ಉಂಡೆ ತಿಂದಳು. ನಮಗೆ ಕೊಡಲು ಕೈ ಮುಂದೆ ಬರಲಿಲ್ಲ. ಪದ್ಧತಿ ಅವಳಿಗೂ ಗೊತ್ತಿತ್ತು. ದಿನವೂ ಸಂಜೆ ತಲೆಗೆ ವೇಲು, ಕಿವಿಗೆ ಹತ್ತಿ, ಕೈಯಲ್ಲಿ ಉಂಡೆ. ಮಂಚದ ಮೇಲೆ ಕೂತು ತಿನ್ನುತ್ತಿದ್ದಳು. ನಾನು ಕಂಡಂತೆ ಅವಳು ಕೂತು ತಿಂದದ್ದು ಆ ದಿನಗಳಲ್ಲಿ ಮಾತ್ರ. ಸೆಪ್ಟೆಂಬರಿನಲ್ಲಿ ಗುಜರಿ ಅಂಗಡಿಯ ಹಲಗೆ ಮೊದಲ ಸಲ ಅವಳ ಪರವಾಗಿ ಮಾತಾಡಿತು. ಭಾಯಿ "ಶಾಬಾಶ್" ಎಂದರು.

ಅದೇ ವಾರ ವಾರ್ಡನ್ ಮೇಡಂ ಸಂಜೆ ರೂಮುಗಳನ್ನು ನೋಡುತ್ತ ಬಂದರು. ಬಾಗಿಲಲ್ಲೇ ನಿಂತರು. ತಲೆಯ ವೇಲು ನೋಡಿದರು, ಹತ್ತಿ ನೋಡಿದರು, ಮಡಿಲಲ್ಲಿದ್ದ ಡಬ್ಬಿ ನೋಡಿದರು. ಪಕ್ಕದ ರೂಮಿನವರು ಆಗಲೇ ಏನೋ ಪಿಸುಗುಟ್ಟಿ ಅವರ ಕಿವಿಗೆ ಹಾಕಿದ್ದರೆಂದು ಆಮೇಲೆ ತಿಳಿಯಿತು. ನಾವು ತಮಾಷೆ ಎಂದೆವು. ಅವರು ನಂಬಲಿಲ್ಲ. "ನಾಳೆ ಮನೆಯವರು ಬರಲಿ" ಎಂದು ಹೊರಟರು.

ಅಂದು ಅಕ್ಕ ಮುದ್ದೆ ಮುಟ್ಟಲಿಲ್ಲ. ಗೋಡೆಯಿಂದ ಗೋಡೆಗೆ ನಡೆದಳು. "ಅಪ್ಪ ಬಂದ್ರೆ ಕರ್ಕೊಂಡೋಯ್ತದೆ. ಊರಲ್ಲಿ ಮಾತಾಯ್ತದೆ. ಇನ್ನು ಪರೀಕ್ಷೆ ಎಲ್ಲಿ ಬಂತು?" ಬೇಗೂರಿನವಳು ಅತ್ತಳು. ಅಕ್ಕ ನಡೆಯುತ್ತಲೇ ಅವಳ ತಲೆ ಸವರಿ ಮುಂದೆ ಹೋದಳು.

ಬಂದದ್ದು ಅಕ್ಕನ ಅವ್ವ, ಒಬ್ಬರೇ. ಸೊಪ್ಪು ಬೇಯಿಸುವ ಕಾಲ. ಅಪ್ಪ ಸೊಪ್ಪು ಒಣಗುವ ಬ್ಯಾರನ್ನಿನ ಬೆಂಕಿ ಬಿಟ್ಟು ಬರುವಂತಿರಲಿಲ್ಲ. ಆಕೆಯ ಬೆರಳುಗಳೂ ಕಪ್ಪಾಗಿದ್ದವು. ಮೇಡಂ ತಗ್ಗಿದ ದನಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿದರು. ಮಗಳನ್ನು ಹತ್ತಿರ ಕರೆದು, ತೋಳು ಹಿಡಿದು, ಮೇಡಂ ಮುಂದೆ ಎತ್ತಿ ತೋರಿಸಿದರು.

"ಮೇಡಮ್ಮೋರೆ, ನೀವೂ ಹೆತ್ತೋರೇ ಅಲ್ವಾ? ಇದು ಬಾಣ್ತಿ ತೋಳಾ? ಹಸುಗೆ ಕಟ್ಟೋ ಹಗ್ಗ ಇದ್ದಂಗದೆ."

ಮೇಡಂ ಬಹಳ ಹೊತ್ತು ಆ ತೋಳು ನೋಡಿದರು. "ಇನ್ನು ಮೇಲೆ ಇಂಥ ಆಟ ಬೇಡ" ಎಂದಷ್ಟೇ ಹೇಳಿದರು. ಅವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಹಾಗೇ ಮುಚ್ಚಿ ಮಗಳ ಕೈಗೆ ಕೊಟ್ಟರು. "ತಿನ್ನು. ನಂಗೂ ಬ್ಯಾಡ" ಎಂದು ಬಸ್ಸಿಗೆ ಹೊರಟರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾರಿಡಾರಿನಲ್ಲಿ ಹುಡುಗಿಯರು ಅಕ್ಕನನ್ನು ನೋಡುವ ರೀತಿ ಬದಲಾಗಿತ್ತು. ಎರಡು ದಿನ ಸಹಿಸಿದಳು. ಮೂರನೆಯ ಸಂಜೆ ಡಬ್ಬಿ ಎತ್ತಿಕೊಂಡು ಹೊರಟವಳು ಪ್ರತಿ ರೂಮಿನ ಬಾಗಿಲು ತಟ್ಟಿದಳು. "ತಗಳಿ, ತಿನ್ನಿ. ಕೈ ನೀಡ್ರೇ." ಒಬ್ಬೊಬ್ಬರಿಗೂ ಒಂದೊಂದು ಉಂಡೆ. ತಿನ್ನುವ ತನಕ ನಿಂತು ನೋಡಿದಳು. ಖಾಲಿ ಡಬ್ಬಿ ತಂದು ನನ್ನ ಮಂಚದ ಮೇಲೆ ಇಟ್ಟಳು.

"ಯಾಕಕ್ಕ?" ಎಂದೆ.

"ಎಲ್ರೂ ತಿಂದ್ರಲ್ಲ. ಇನ್ನದು ಬಾಣ್ತಿ ಉಂಡೆ ಎಂಗಾಯ್ತದೆ?"

ಮಾತು ನಿಂತಿತು. ತೂಕವೂ ನಿಂತಿತು. ಅಕ್ಟೋಬರ್ ಪೂರ್ತಿ ಮತ್ತೆ ಲೋಟ, ಮತ್ತೆ ಮೂರು ಪಾಲು.

ನವೆಂಬರಿನ ಆ ಬೆಳಿಗ್ಗೆ ನಾನು ಅವಳ ಜೊತೆ ಮೈಸೂರಿಗೆ ಹೋಗಿದ್ದೆ. ತೂಗುವ ಮುಂಚೆ ಹೊಟ್ಟೆ ತುಂಬ ಬಾಳೆಹಣ್ಣು ತಿಂದು ನೀರು ಕುಡಿದರೆ ಕೊಂಚ ದಾಟಬಹುದೆಂದು ತಯಾರಾಗುತ್ತಿದ್ದ ಹುಡುಗಿಯರೆಲ್ಲ ಹೇಳುತ್ತಿದ್ದರು. ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಅವಳನ್ನು ಒಳಗೆ ಕಳಿಸಿ, ನಾನು ಗೇಟಿನ ಹೊರಗೆ ನಿಂತೆ. ಬಿಸಿಲೇರುವ ಹೊತ್ತಿಗೆ ಕೆ.ಆರ್. ನಗರದ ಕಡೆಯ ಹುಡುಗಿಯೊಬ್ಬಳು ಹೊರಗೆ ಬಂದಳು. ತೂಕದಲ್ಲಿ ದಾಟಿದ್ದಳು. ಕೆನ್ನೆ ಕೆಂಪಾಗಿತ್ತು.

"ನೀವು ಪಿರಿಯಾಪಟ್ಟಣದ ಅಕ್ಕನ ಜೊತೆ ಬಂದೋರಾ? ಲೈನಲ್ಲಿ ನನ್ ಹಿಂದೆ ಇದ್ರು. ನಾನು ರಾತ್ರಿಯಿಂದ ಏನೂ ತಿಂದಿರ್ಲಿಲ್ಲ, ಬಾಳೆಹಣ್ಣು ಕೊಟ್ರು. ನಮ್ ಹಿಂದಿನೋರ್ಗೂ ಕೊಟ್ರು. ಅವ್ರದ್ದು ಏನಾಯ್ತು?"

ಅಕ್ಕ ಆಗ ಅವಳ ಹಿಂದೆಯೇ ಬರುತ್ತಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದು. ಬಸ್ಸಿನಲ್ಲಿ ಜಾಗವಿದ್ದರೂ ಹುಣಸೂರಿನ ತನಕ ನಿಂತೇ ಬಂದಳು. ಬಿಳಿಕೆರೆ ದಾಟಿದ ಮೇಲೆ ಒಮ್ಮೆ ಬಗ್ಗಿ ಹೇಳಿದಳು: "ಆ ಹೆಣ್ಮಗ ನಡುಗ್ತಿತ್ತು ಕಣಮ್ಮಿ. ಎದುರ್ಗೇ ನಿಂತಿತ್ತು."

ಹಾಸ್ಟೆಲಿಗೆ ಬಂದ ಮೇಲೆ ನಾನೂ ಬೇಗೂರಿನವಳೂ ಮಾತಾಡಿಕೊಂಡೆವು. ಅಕ್ಕನಿಗೆ ಹೇಳಿ ಪ್ರಯೋಜನವಿರಲಿಲ್ಲ. ಎದುರಿಗೆ ಇರುವವರನ್ನು ಬಿಟ್ಟು ಅವಳು ತಿನ್ನುವುದಿಲ್ಲ. ಹಾಗಾದರೆ ಎದುರಿಗೆ ಯಾರೂ ಇರಬಾರದು. ಮಾರನೆಯ ಸಂಜೆಯಿಂದ ಅವಳು ಲೋಟ ಕಲಸಲು ಶುರು ಮಾಡಿದ ಕೂಡಲೆ ನಾವಿಬ್ಬರೂ ಎದ್ದು ಹೊರಗೆ ಹೋಗಿ ಬಾಗಿಲೆಳೆದುಕೊಂಡೆವು. ಅವಳು ಒಳಗಿಂದ ಬೈದಳು. "ಬನ್ರೇ ಒಳೀಕೆ, ಏನ್ ಮುಟ್ಟಾಗಿದ್ದೀರಾ ಆಚೆ ನಿಂತ್ಕಳಕೆ?" ನಾವು ಆಚೆಯ ಚಿಲಕ ತೆಗೆಯಲಿಲ್ಲ. ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ನಡೆದೆವು. ಒಳಗೆ ಅವಳು ನಡೆಯುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಚಮಚ ಲೋಟಕ್ಕೆ ತಾಗುವ ಸದ್ದು. ಆಮೇಲೆ, "ಮುಗೀತು, ಬನ್ರಮ್ಮಿ."

ಮೊದಮೊದಲು ಲೋಟದ ತಳದಲ್ಲಿ ನಮಗೆಂದು ಎರಡು ಗುಟುಕು ಉಳಿಸಿರುತ್ತಿದ್ದಳು. ನಾವು ಅದನ್ನು ಕುಡಿಯದೆ ಮತ್ತೆ ಹೊರಗೆ ಹೋಗಿ ನಿಲ್ಲುತ್ತಿದ್ದೆವು. ಸಂಕ್ರಾಂತಿ ಕಳೆದ ಮೇಲೆ ಉಳಿಸುವುದನ್ನು ಬಿಟ್ಟಳು. ಒಂದು ಸಂಜೆ ವಾರ್ಡನ್ ಮೇಡಂ ನಮ್ಮನ್ನು ಕಾರಿಡಾರಿನಲ್ಲಿ ಕಂಡು ಕಾರಣ ಕೇಳಿದರು. ಹೇಳಿದೆವು. ಮುಚ್ಚಿದ ಬಾಗಿಲನ್ನು ನೋಡಿದರು. ನಮ್ಮ ಜೊತೆ ಒಂದು ಸುತ್ತು ನಡೆದು, ಕೆಳಗೆ ಹೋದರು. ಮಾರನೆಯ ದಿನದಿಂದ ಮೆಸ್ಸಿನವರು ನಮ್ಮ ರೂಮಿಗೆ ಕೊಡುವ ಹಾಲಿನ ಪಾತ್ರೆ ದೊಡ್ಡದಾಯಿತು.

ಮುಂದಿನ ವರ್ಷ, ಅವಳ ವಯಸ್ಸಿಗೆ ಉಳಿದಿದ್ದ ಕೊನೆಯ ಭರ್ತಿಯಲ್ಲಿ, ಅಕ್ಕ ಮತ್ತೆ ಯಂತ್ರದ ಮೇಲೆ ನಿಂತಳು. ದಾಟಿದಳು. ಓಟದಲ್ಲಿ ಅವಳ ತಂಡಕ್ಕೆ ಮೊದಲಿಗಳು. ಸುದ್ದಿ ಕೇಳಿದ ಗುಜರಿ ಭಾಯಿ ಬೇಕರಿಯಿಂದ ಕೇಕ್ ತರಿಸಿ, ಅದನ್ನೂ ಹಲಗೆಯ ಮೇಲಿಟ್ಟು ತೂಗಿ ಕೊಟ್ಟರು. ಅದನ್ನು ಅಕ್ಕ ಇಡೀ ಹಾಸ್ಟೆಲಿಗೆ ಹಂಚಿದಳು. ಆ ದಿನ ನಾವು ತಡೆಯಲಿಲ್ಲ.

ನಾನು ಈಗ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆಯುತ್ತೇನೆ. ಕಳೆದ ವಾರ ಒಂದು ಅಪಘಾತದ ವಿವರ ಕೇಳಲು ಎಚ್.ಡಿ. ಕೋಟೆ ಕಡೆಯ ಠಾಣೆಗೆ ಹೋಗಿದ್ದೆ. ಅಕ್ಕ ಅಲ್ಲಿದ್ದಳು. ಖಾಕಿ ಸೊಂಟದ ಬೆಲ್ಟು ಬಿಗಿಯಲು ಇದ್ದ ತೂತುಗಳು ಸಾಲದೆ ಮೊಳೆಯಲ್ಲಿ ಇನ್ನೊಂದು ಕೊರೆದುಕೊಂಡಿದ್ದಳು. ವಿವರ ಕೊಟ್ಟಳು, ನಿಂತುಕೊಂಡೇ. ಬೆಳಿಗ್ಗೆಯಿಂದ ಬಂದೋಬಸ್ತಿನಲ್ಲಿದ್ದು ಊಟವಾಗಿರಲಿಲ್ಲವಂತೆ. ಯಾರೋ ಟೀ, ಬೆಣ್ಣೆ ಬನ್ನು ತಂದು ಮೇಜಿನ ಮೇಲಿಟ್ಟು ಹೋದರು. ಅಕ್ಕ ಬನ್ನು ಕೈಗೆತ್ತಿಕೊಂಡು ನನ್ನನ್ನು ನೋಡಿ, ಎರಡು ಭಾಗ ಮಾಡಲು ಬೆರಳಿಟ್ಟಳು.

ನಾನು ಎದ್ದು ಹೊರಗೆ ಬಂದು, ಬಾಗಿಲೆಳೆದು ಜಗುಲಿಯಲ್ಲಿ ನಿಂತೆ. "ಲೇ, ಬಾರಮ್ಮಿ ಒಳೀಕೆ" ಎಂದು ಒಮ್ಮೆ ಕೂಗಿದಳು. ಆಮೇಲೆ ಒಳಗೆ ಬೂಟಿನ ಸದ್ದು ಈ ಗೋಡೆಯಿಂದ ಆ ಗೋಡೆಗೆ ನಡೆಯಿತು. ಸ್ವಲ್ಪ ಹೊತ್ತಿಗೆ ನಿಂತಿತು.

"ಮುಗೀತು, ಬಾ."