ನೀಲಕ್ಕನಿಗೆ ಹೇಳಿದ ಸುಳ್ಳು

ನಾನು ಬಿ.ಎ. ಓದಿದ್ದು ಒಂದು ಸುಳ್ಳಿನ ಮೇಲೆ. ಆ ಸುಳ್ಳನ್ನು ಹೇಳಿದ್ದು ಹೊರಗಿನವರಿಗಲ್ಲ, ಒಂದೇ ಒಲೆಯ ಮುಂದೆ ಕೂತು ನನ್ನೊಡನೆ ರೊಟ್ಟಿ ಬಡಿಯುತ್ತಿದ್ದ ನೀಲಕ್ಕನಿಗೆ — ನನ್ನ ಗಂಡನ ಅಣ್ಣನ ಹೆಂಡತಿಗೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಚೆನ್ನಾಗಿಯೇ ಬದುಕಿದೆ. ಉಂಡೆ, ನಕ್ಕೆ, ಹುನಗುಂದದಲ್ಲಿ ಹುಡುಗಿಯರ ಹಾಸ್ಟೆಲೊಂದರ ಮೇಲ್ವಿಚಾರಕಿಯಾದೆ. ನಿದ್ದೆಗೆಟ್ಟು ಕೊರಗಿದೆ ಎಂದು ಬರೆದರೆ ಅದು ಎರಡನೆಯ ಸುಳ್ಳಾದೀತು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ನಾನು ಗುಡೂರಿನಿಂದ, ನೀಲಕ್ಕ ಶಿರೂರಿನಿಂದ ಸೊಸೆಯರಾಗಿ ಬಂದವರು. ಇಬ್ಬರೂ ಪಿಯುಸಿ ಪಾಸಾಗಿದ್ದೆವು — ನಾನು ದೇವರ ದಯೆಯಿಂದ, ಆಕೆ ತನ್ನ ತಲೆಯಿಂದ. ಮದುವೆಯ ಮೇಲೆ ಇಬ್ಬರಿಗೂ ಒಂದೇ ಕೆಲಸ, ಮಗ್ಗ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಎದುರುಬದುರು ಇಬ್ಬರು ಕೂಡಬೇಕು — ಒಬ್ಬಳು ಎಳೆ ಕೊಡುವವಳು, ಇನ್ನೊಬ್ಬಳು ಹೊಸೆಯುವವಳು. ನಡುವೆ ಒಬ್ಬಳು ಎದ್ದರೆ ಎಳೆ ಸಡಿಲಬಿದ್ದು ಮಾಡಿದ ಕೆಲಸವೆಲ್ಲ ಹಾಳು. ಹೀಗಾಗಿ ನಾವಿಬ್ಬರು ಆಡಿದಷ್ಟು ಮಾತನ್ನು ಗಂಡಂದಿರ ಜೊತೆಗೂ ಆಡಿಲ್ಲ.

ಊರಿಗೆ ಆಗಷ್ಟೇ ಇಂಟರ್ನೆಟ್ ಅಂಗಡಿಗಳು ಬಂದಿದ್ದವು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕಂಪ್ಯೂಟರಿನ ಮೇಲೆಯೇ ಪಾಠ ಕೇಳಬಹುದು, ಪರೀಕ್ಷೆ ಮಾತ್ರ ಬಾಗಲಕೋಟೆಗೆ ಹೋಗಿ ಬರೆದರಾಯಿತು, ಬಿ.ಎ. ಆಗುತ್ತದೆ — ಈ ಸುದ್ದಿ ತಂದವಳು ನೀಲಕ್ಕ. ಅತ್ತೆಯನ್ನು ಕೇಳಿದವಳೂ ಆಕೆಯೇ.

"ಒಬ್ಬಾಕಿ ಓದ್ರಿ, ಬ್ಯಾಡ ಅನ್ನಂಗಿಲ್ಲ" ಎಂದರು ಅತ್ತೆ. "ಇಬ್ಬರೂ ಹ್ವಾದ್ರ ಮಗ್ಗಾ ಉಪಾಸ ಬೀಳ್ತೈತಿ. ಯಾರಂತ ನೀವ ಮಾತಾಡ್ಕೋರಿ."

ಮಾತಾಡಿಕೊಂಡಿದ್ದರೆ ಹೋಗಬೇಕಾದವಳು ಆಕೆ. ಹಿರಿಯಳು, ಜಾಣೆ, ಮೊದಲು ಆಸೆಪಟ್ಟವಳು. ಆದರೆ ಆ ವಾರ ಆಕೆಯ ಮಗಳಿಗೆ ಜ್ವರ. ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದಳು. ತಿಂಗಳ ಕೊನೆಯವರೆಗೂ ಸೇರಿಸಿಕೊಳ್ಳುತ್ತಾರೆ, ಎಷ್ಟು ಜನ ಬೇಕಾದರೂ ಬರಬಹುದು ಎಂದರು ಅಂಗಡಿಯವರು. ನಾನು ಬರೀ ವಿಚಾರಿಸಲು ಹೋದವಳು — ಅಲ್ಲಿಯೇ ನಿಂತು ನನ್ನ ಹೆಸರು ಕೊಟ್ಟುಬಿಟ್ಟೆ.

ಮನೆಗೆ ಬಂದಾಗ ನೀಲಕ್ಕ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. "ಅರ್ಜಿ ಕೊಡೋದು ಮುಗದೈತೇನ?" ಎಂದು ಕೇಳಿದಳು.

"ಮುಗೀತಕ್ಕಾ. ಒಂದ ಜಾಗಾ ಉಳದಿತ್ತು. ಬಿಟ್ರ ಅದೂ ಹೋಗ್ತಿತ್ತಂತ ನನ್ನ ಹೆಸರು ಕೊಟ್ಟ ಬಂದೆ."

ಆಕೆ ಬಟ್ಟೆ ಹಿಂಡಿದಳು. "ಹೋಗ್ಲಿ ಬಿಡು. ಒಬ್ಬಾಕೀಗರ ಸಿಕ್ತಲ್ಲ."

ಆಮೇಲಿನ ವರ್ಷಗಳಲ್ಲಿ ನಾನು ಪಟ್ಟ ಸುಖ — ಅದನ್ನೂ ಹೇಳದಿದ್ದರೆ ಈ ನಿವೇದನೆ ಅರ್ಧವಾದೀತು. ಇಂಟರ್ನೆಟ್ ಲೈನು ನಿಧಾನವಾದಾಗ ಕಂಪ್ಯೂಟರಿನೊಳಗೆ ಪಾಠ ಹೇಳುವ ಗುರುಗಳು ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಡುತ್ತಿದ್ದರು. ಅವರ ದವಡೆ ಹಲ್ಲನ್ನು ಅವರ ಹೆಂಡತಿಯೂ ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಆದರೂ ಅಂಗಡಿಯ ಆ ಕುರ್ಚಿಯಲ್ಲಿ ಕೂತಾಗ ನಾನು ಯಾರ ಸೊಸೆಯೂ ಅಲ್ಲ, ವಿದ್ಯಾರ್ಥಿನಿ. ಚಿಕ್ಕಂದಿನಿಂದ ಮಹಾಕೂಟದ ಹೊಂಡದಲ್ಲಿ ಮುಳುಗಿ ಬಂದವಳು ನಾನು. ಚಾಲುಕ್ಯರ ಪಾಠ ಕೇಳಿದ ಮೇಲೆ ಅಲ್ಲಿಗೆ ಹೋದಾಗ ಒದ್ದೆ ಸೀರೆಯಲ್ಲೇ ಅವರು ಕಟ್ಟಿಸಿದ ಗುಡಿಯ ಗೋಡೆ ನೋಡುತ್ತ ನಿಂತು ಗಂಡನಿಂದ ಬೈಸಿಕೊಂಡೆ. ಸಂತೋಷವಾಗಿತ್ತು ನನಗೆ, ಬಹಳ ಸಂತೋಷವಾಗಿತ್ತು.

ಕೊಂಡಿಗೆ ಕೂತಾಗ ನೀಲಕ್ಕ ತಪ್ಪದೆ ಕೇಳುತ್ತಿದ್ದಳು — "ಇವತ್ತ ಏನ ಹೇಳಿದ್ರವಾ?" ನಾನು ಹೇಳುತ್ತಿದ್ದೆ. ವಾರ ಕಳೆದರೆ ನಾನು ಮರೆತಿರುತ್ತಿದ್ದೆ, ಆಕೆ ಎಳೆ ಕೊಡುತ್ತಲೇ ನೆನಪಿಸುತ್ತಿದ್ದಳು. ಬಾಗಲಕೋಟೆಯ ಪರೀಕ್ಷೆಯಲ್ಲಿ ಎಷ್ಟೋ ಉತ್ತರಗಳು ನನಗೆ ಆಕೆಯ ದನಿಯಲ್ಲೇ ನೆನಪಾದವು. ನಾನು ಪಾಸಾದ ದಿನ ಓಣಿಗೆಲ್ಲ ಸಕ್ಕರೆ ಹಂಚಿದವಳು ಆಕೆ. ನನ್ನ ಬಾಯಿಗೂ ಹಾಕಿದಳು, ತಿಂದೆ.

ಮುಂದಿನ ಸರದಿ ಆಕೆಯದಾಗಬೇಕಿತ್ತು. ನಾನು ನೌಕರಿಗೆಂದು ಹೊರಟೆ. ಮಗ್ಗಕ್ಕೆ ಆಕೆಯೊಬ್ಬಳೇ ಉಳಿದಳು. ಆಕೆ ಕೇಳಲಿಲ್ಲ — ಈಗ ನೀ ಓದು ಎಂದು ನಾನೂ ಹೇಳಲಿಲ್ಲ.

ಈ ಸಲ ದೀಪಾವಳಿಗೆ ಮುಂಚೆ ಹಾಸ್ಟೆಲಿನ ಹುಡುಗಿಯೊಬ್ಬಳು ಗೆಳತಿಗೆ ಪರೀಕ್ಷೆಯ ದಿನವನ್ನೇ ಬೇಕೆಂದು ತಪ್ಪು ಹೇಳಿದಳು. ಅವಳನ್ನು ಎದುರು ನಿಲ್ಲಿಸಿಕೊಂಡು ಬುದ್ಧಿ ಹೇಳಿದೆ, ಬಹಳ ಚಂದ ಹೇಳಿದೆ. ಹೇಳಿ ಮುಗಿಸಿದ ಮೇಲೆ ನನ್ನ ಮುಖ ನನಗೇ ಹೇಸಿಗೆಯಾಯಿತು. ಹಬ್ಬಕ್ಕೆ ಮನೆಗೆ ಬಂದಾಗ, ನೀಲಕ್ಕನ ಎದುರು ಕೊಂಡಿಗೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಆ ಹೊತ್ತನ್ನೇ ಏಕೆ ಆರಿಸಿಕೊಂಡೆ? ನಡುವೆ ಆಕೆ ಎದ್ದು ಹೋಗುವಂತಿರಲಿಲ್ಲ. ಅಲ್ಲಿಯೂ ನನ್ನ ಜಾಣತನ ಬಿಡಲಿಲ್ಲ.

ಆಕೆಯ ಬೆರಳುಗಳು ಒಮ್ಮೆ ನಿಂತವು. ಮತ್ತೆ ಎಳೆ ಕೊಟ್ಟಳು. ಕೊಂಡಿ ಮುಗಿಯುವ ತನಕ ಒಂದು ಎಳೆಯನ್ನೂ ಸಡಿಲ ಬಿಡಲಿಲ್ಲ. ಆಮೇಲೆ ಎದ್ದು, ಮುಖ ತೊಳೆದು ಬಂದು ಕೇಳಿದಳು:

"ಈಗ ಅರ್ಜಿ ಕೊಡೋದು ಮುಗದೈತೇನ?"

"ಇಲ್ಲಕ್ಕಾ. ಇನ್ನೂ ತಗೊಳ್ಳಾಕತ್ತಾರ. ಮಗ್ಗಾ ನಾ ನೋಡ್ಕೊಳ್ತೇನಿ, ವಾರಾ ವಾರಾ ಬರ್ತೇನಿ."

"ಖರೆ ಹೇಳಾಕತ್ತೀಯೇನ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಆಕೆ ನನಗೆ ಒಮ್ಮೆಯೂ ಕೇಳಿರಲಿಲ್ಲ. ಹೌದೆಂದೆ. ಆಕೆ ಚಪ್ಪಲಿ ಮೆಟ್ಟಿಕೊಂಡು, ಅಂಗಡಿಗೆ ತಾನೇ ಹೋಗಿ ವಿಚಾರಿಸಿಕೊಂಡು ಬಂದಳು.

ಈಗ ನೀಲಕ್ಕ ಬಿ.ಎ. ಮೊದಲ ವರ್ಷ. ರವಿವಾರ ಆಕೆ ಪಾಠ ಕೇಳಿ ಬರುವವರೆಗೆ ನಾನು ಮಗ್ಗದಲ್ಲಿರುತ್ತೇನೆ. ಬಂದ ಮೇಲೆ ಇಬ್ಬರೂ ಕೊಂಡಿಗೆ ಕೂಡುತ್ತೇವೆ. ಆಕೆಯ ಮುಖದಲ್ಲಿ ಆ ಕುರ್ಚಿಯ ಸುಖ ಕಾಣುತ್ತದೆ, ನನಗೆ ಗುರುತಿದೆ ಅದು. ಇವತ್ತು ಏನು ಹೇಳಿದರು ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ. ಆಕೆ ತಾನಾಗಿ ಹೇಳಿದ ದಿನ ಕೇಳಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಎಳೆ ಕೊಡುತ್ತಿರುತ್ತೇನೆ.