ಹೆಣ್ಣು ನೋಡಲು ಬಂದವನ ‘ಟ್ರೋ’

“‘ಟ್ರೋ’ ಅಂದ್ರೇನು, ಹೇಳು ನೋಡೋಣ,” ಎಂದು ಯಾದಗಿರಿ ರೈಲ್ವೆ ಸ್ಟೇಷನ್ನಿನ ಗುಮಾಸ್ತ ಮಹಾಶಯ ನನ್ನ ತಂಗಿಯನ್ನು ಕೇಳಿದ. ಹೆಣ್ಣು ನೋಡಲು ಬಂದವರು ಸಾಮಾನ್ಯವಾಗಿ ನಡೆಸಿ ನೋಡುತ್ತಿದ್ದರು, ಹಾಡಿಸುತ್ತಿದ್ದರು. ನಿಜಾಮರ ಆ ಕಾಲದ ನಮ್ಮ ಸುರಪುರದಲ್ಲಿ ಇಂಗ್ರೇಜಿ ಕ್ರಿಯಾಪದ ಕೇಳಿದ ಪುಣ್ಯಾತ್ಮ ಇವನೊಬ್ಬನೇ. ಕಚೇರಿ, ಸಾಲಿ ಎಲ್ಲ ಉರ್ದುವಾಗಿದ್ದ ಊರಿನಲ್ಲಿ ತಂಗಿ ಏನು ಹೇಳಿಯಾಳು? ತಲೆ ತಗ್ಗಿಸಿದಳು. ಸಂಬಂಧ ತಪ್ಪೀತೆಂದು ಅಪ್ಪ ಬೆವೆತರು.

ಗುಮಾಸ್ತ ಗಂಟಲು ಸರಿಪಡಿಸಿಕೊಂಡು ಅಪ್ಪಣೆ ಕೊಡಿಸಿದ: “‘ಐ ಟ್ರೋ’ ಅಂದ್ರ ‘ನಾ ನಂಬ್ತೀನಿ’ ಅಂತ. ಭಾಳ ಹಳೇ ಮಾತು. ಈಗ ವಿಲಾಯತಿಯೊಳಗೂ ಯಾರೂ ಆಡಂಗಿಲ್ಲ.”

ತಂಗಿ ತಲೆಯೆತ್ತಿದಳು. “ಅವರೇ ಬಿಟ್ಟಿದ್ದನ್ನ ನಾ ಇಟ್ಕೊಂಡು ಏನ್ ಮಾಡ್ಲಿರಿ?” ಎಂದವಳೇ, ಅವನು ಇನ್ನೂ ಕೈ ಹಾಕದಿದ್ದ ಉಂಡಿಯ ತಾಟು ಎತ್ತಿಕೊಂಡು ಒಳಗೆ ನಡೆದಳು.

ಹುಡುಗಿ ನಪಾಸೆಂದು ಯಾದಗಿರಿಯಿಂದ ತೀರ್ಪು ಬಂತು.

ಮುಂದೆ ದೇವಾಪುರದ ಮಾಸ್ತರರೊಬ್ಬರು ಅವಳನ್ನು ನೋಡಲು ಬಂದರು. ಕೇಳಿದ್ದು ಒಂದೇ ಪ್ರಶ್ನೆ: “ನಾ ನಿಮಗ ಒಪ್ಪಿಗಿ ಅದೀನೇನ್ರಿ?” ಅದರ ಅರ್ಥವನ್ನು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.