ಹಾಲಿಗೊಂದು ಅಡ್ಡಗೋಡೆ

ಈಚೆಗೆ ನಮ್ಮ ಸೀಮೆಯಲ್ಲಿ ಗೃಹಪ್ರವೇಶಕ್ಕೆ ಹೋದವರೆಲ್ಲ ಕುತ್ತಿಗೆ ಉಜ್ಜಿಕೊಳ್ಳುತ್ತ ಮರಳುವುದನ್ನು ನೀವೂ ಗಮನಿಸಿರಬಹುದು. ಮೊದಲಾದರೆ ಹೊಸ ಮನೆಗೆ ಹೋದವರು ನೆಲ ನೋಡುತ್ತಿದ್ದರು. ಅದರ ನುಣುಪನ್ನು ಹೊಗಳಿ, ಜಾರದಂತೆ ಹೆಜ್ಜೆಯಿಟ್ಟು, ಪಂಕ್ತಿಯಲ್ಲಿ ಕುಳಿತುಬಿಡುತ್ತಿದ್ದರು. ಈಗ ಯಜಮಾನರು ಹೊಸ್ತಿಲಲ್ಲೇ ನಮ್ಮನ್ನು ನಿಲ್ಲಿಸಿ "ಮೇಲೆ ನೋಡಿ" ಎನ್ನುತ್ತಾರೆ. ಮೇಲೆ ಬಿಳಿಯ ಪಿಒಪಿ ಸೂರು, ಅದರ ನಟ್ಟನಡುವೆ ಅರಳಿದ ಕಮಲ, ದಳಗಳ ಸಂದಿಯಿಂದ ಇಣುಕುವ ನೀಲಿ ಗುಲಾಬಿ ದೀಪಗಳು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಇಂಥ ಕಮಲಗಳನ್ನು ನಾನು ಎಷ್ಟು ನೋಡಿದ್ದೇನೆಂದರೆ, ನಮ್ಮ ಕೆರೆಗಳಲ್ಲಿ ತಾವರೆ ಏಕೆ ಕಡಿಮೆಯಾಯಿತೆಂಬ ಪ್ರಶ್ನೆ ನನ್ನ ಪಾಲಿಗೆ ಇತ್ಯರ್ಥವಾಗಿಹೋಗಿದೆ.

ಅಂಥದೇ ಒಂದು ಕಮಲದ ಕೆಳಗೆ ಹೋಳಿಗೆ ಮುರಿಯುತ್ತ ಕುಳಿತಿದ್ದಾಗ ನನಗೆ ಮನೆಯ ಒಳಾಂಗಣ ವಿನ್ಯಾಸ ಕಲಿಯಬೇಕೆಂಬ ಬುದ್ಧಿ ಬಂತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಹೊಸತು. ಹೊತ್ತು ಹೋಗುತ್ತಿರಲಿಲ್ಲ ಎಂಬುದು ಒಂದು ಕಾರಣವಾದರೆ, ಅಲಂಕಾರಶಾಸ್ತ್ರ ಬಲ್ಲವಳಿಗೆ ಒಂದು ಹಾಲಿನ ಅಲಂಕಾರ ಎಷ್ಟರದು ಎಂಬ ಅಹಂಕಾರ ಇನ್ನೊಂದು. ನಮ್ಮ ಮನೆಯಲ್ಲಿ ಅಲಂಕಾರಕ್ಕೆ ಎಂದೂ ಕೊರತೆಯಿದ್ದಿಲ್ಲ. ನಮ್ಮ ಯಜಮಾನರು ಪಟ್ಟಣದ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಅವರು ದಿನವೂ ದೇವರಿಗೆ ಅಲಂಕಾರ ಮಾಡುತ್ತಿದ್ದರು, ನಾನು ಪದ್ಯಗಳಲ್ಲಿ ಉಪಮೆ ರೂಪಕಗಳನ್ನು ಹುಡುಕುತ್ತಿದ್ದೆ. ಇವೆರಡರ ಗಡಿಬಿಡಿಯಲ್ಲಿ ಮನೆಯೊಂದು ಮಾತ್ರ ನಿರಲಂಕೃತವಾಗಿ ಉಳಿದಿತ್ತು. ವಿಷಯ ತಿಳಿಸಿದಾಗ ಅವರು ಗಂಧ ತೇಯುವುದನ್ನು ನಿಲ್ಲಿಸದೆ, "ಕಲಿ, ಬೇಡ ಅನ್ನಲ್ಲ. ಆದರೆ ನನ್ನ ಪಂಚೆ ಎಲ್ಲಿರತ್ತೋ ಅಲ್ಲೇ ಇರಲಿ" ಎಂದರು.

ತರಬೇತಿ ಕೇಂದ್ರ ಇದ್ದದ್ದು ಪಾಂಡವಪುರದಲ್ಲಿ, ಪಶು ಆಹಾರದ ಅಂಗಡಿಯೊಂದರ ಮಹಡಿಯ ಮೇಲೆ. ಹೀಗಾಗಿ ಬಣ್ಣಗಳ ಸಾಮರಸ್ಯದ ಮೊದಲ ಪಾಠವನ್ನು ನಾನು ಕಡಲೆಕಾಯಿ ಹಿಂಡಿಯ ಪರಿಮಳದಲ್ಲಿ ಕಲಿತೆ. ಇಂದಿಗೂ ತಿಳಿ ಹಸಿರು ಕಂಡರೆ ನನಗೆ ಬೂಸಾದ ನೆನಪಾಗುತ್ತದೆ. ಸಹಪಾಠಿಗಳೆಲ್ಲ ನನ್ನ ಮಕ್ಕಳ ವಯಸ್ಸಿನ ಹುಡುಗಿಯರು. ತರಬೇತುದಾರನಾಗಿ ಒಳಗೆ ಬಂದವನು ಚೇತನ್. ಇವನು ನನ್ನ ಹಳೆಯ ವಿದ್ಯಾರ್ಥಿ. ಲೋಪಸಂಧಿ, ಆಗಮಸಂಧಿ, ಆದೇಶಸಂಧಿಗಳನ್ನು ಮೂರು ವರ್ಷ ಬೇರ್ಪಡಿಸಲಾಗದೆ ಒದ್ದಾಡಿದವನು ಮೈಸೂರಿನಲ್ಲಿ ಓದಿ, ಕನ್ನಡಕ ಹಾಕಿಕೊಂಡು ಬಂದಿದ್ದ. ನನ್ನನ್ನು ಕಂಡೊಡನೆ ಅಭ್ಯಾಸಬಲದಿಂದ ಎದ್ದುನಿಂತವನ ಹಾಗೆ ನೆಟ್ಟಗಾದ. ನಾನೂ ಅಭ್ಯಾಸಬಲದಿಂದ "ಕೂತ್ಕೊ" ಎಂದೆ. ಅವನು ಕುಳಿತ. ಪಾಠ ಯಾರು ಮಾಡಬೇಕೆಂಬುದು ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ.

ಕಲಿಕೆ ಸುಗಮವಾಗಿತ್ತೆಂದು ಹೇಳಲಾರೆ. ಅಳತೆಗೆ ತಕ್ಕಂತೆ ಚಿತ್ರ ಬರೆಯಬೇಕೆಂದಾಗ ನಾನು ಬರೆದ ಸೋಫಾದಲ್ಲಿ ಒಂದು ಮದುವೆ ದಿಬ್ಬಣ ಕೂರಬಹುದಾಗಿತ್ತು. ಅದನ್ನು ಸರಿಪಡಿಸಿ ಒಂದು ಅಡುಗೆಮನೆಯ ನಕ್ಷೆ ಬರೆದೆ. ಒಲೆ, ಕಪಾಟು, ಸಿಂಕು ಎಲ್ಲ ಶಾಸ್ತ್ರೋಕ್ತವಾಗಿದ್ದವು. ಚೇತನ್ ಬಹಳ ಹೊತ್ತು ನೋಡಿ, "ಮಿಸ್, ಇದಕ್ಕೆ ಬಾಗಿಲೇ ಇಲ್ವಲ್ಲ" ಎಂದ. "ಲೋಪಸಂಧಿ ಕಣೋ" ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, "ಹತ್ತನೇ ಕ್ಲಾಸಲ್ಲಿ ನಾನೂ ಇದನ್ನೇ ಬರೆದಿದ್ದೆ ಮಿಸ್. ನೀವು ಸೊನ್ನೆ ಹಾಕಿದ್ರಿ" ಎಂದ.

ಖಾಲಿ ಜಾಗವೂ ವಿನ್ಯಾಸದ ಭಾಗವೇ ಎಂದು ಅವನು ಕಲಿಸಿದ ದಿನ ನನಗೆ ಉಪನಿಷತ್ತು ಕೇಳಿದಷ್ಟು ಸಂತೋಷವಾಯಿತು. ಮನೆಗೆ ಬಂದು ಯಜಮಾನರಿಗೆ ಅದನ್ನು ವಿವರಿಸಿದೆ. ಅವರು ಕಾಫಿಪುಡಿಯ ಡಬ್ಬಿ ತೆರೆದು ಬಗ್ಗಿ ನೋಡಿ, "ಹಾಗಾದ್ರೆ ಇದೂ ವಿನ್ಯಾಸವೇ ಅನ್ನು" ಎಂದು ಅಂಗಡಿಗೆ ಹೊರಟರು.

ಕೊನೆಯ ಪರೀಕ್ಷೆ ಕಾಗದದ ಮೇಲಿನದಲ್ಲ. ಪ್ರತಿಯೊಬ್ಬರೂ ನಿಜವಾದ ಒಂದು ಮನೆಯನ್ನು ಹುಡುಕಿ, ಅದರ ಹಾಲಿಗೆ ವಿನ್ಯಾಸ ಮಾಡಿ, ಥರ್ಮಾಕೋಲಿನ ಮಾದರಿ ಕಟ್ಟಿ, ಮನೆಯವರ ಒಪ್ಪಿಗೆಯನ್ನು ತರಬೇತುದಾರನ ಎದುರಿನಲ್ಲೇ ಪಡೆಯಬೇಕು. ಒಪ್ಪಿಗೆ ಸಿಗದಿದ್ದರೆ ಸರ್ಟಿಫಿಕೇಟಿಲ್ಲ. ಊರಿನಲ್ಲಿ ಯಾರೂ ತಮ್ಮ ಹಾಲನ್ನು ನನಗೊಪ್ಪಿಸಲು ಮುಂದೆ ಬರಲಿಲ್ಲ. ನಮ್ಮ ಮನೆಯನ್ನು ನೋಡಿದವರಿಗೆ ಆ ಧೈರ್ಯ ಬರುವುದೂ ಕಷ್ಟವೇ. ಕೊನೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಸಂಬಂಧಿ ಬೋರೇಗೌಡರ ವಿಳಾಸ ಕೊಟ್ಟರು. ಕೆ.ಆರ್. ಪೇಟೆ ದಾಟಿ ಹೇಮಗಿರಿಯ ಕಡೆಗೆ ಅವರ ಊರು. ಕಬ್ಬು, ಭತ್ತ, ಡೈರಿಗೆ ಹಾಲು ಹಾಕುವ ಹಸುಗಳು, ವರ್ಷದ ಹಿಂದೆ ಕಟ್ಟಿಸಿದ ಹೊಸ ಮನೆ. ಮಕ್ಕಳು ಮದುವೆಯಾಗಿ ಹತ್ತಿರದ ಊರುಗಳಲ್ಲೇ ಇದ್ದರು. ಮನೆಯಲ್ಲಿ ಗೌಡರು, ಅವರ ಹೆಂಡತಿ ಜಯಮ್ಮ.

ನಾನು ಹೋದಾಗ ಗೌಡರು ಹಾಲಿನ ಒಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡಿದ್ದರು; ಜಯಮ್ಮ ಇನ್ನೊಂದು ತುದಿಯಲ್ಲಿ ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮೇಲೆ ಕಮಲ ಅರಳಿತ್ತು. ನಾನು ಅಳತೆಯ ಟೇಪು ಬಿಚ್ಚುವ ಮೊದಲೇ ಗೌಡರು, "ಮೇಡಮ್ನೋರೆ, ನಿಮ್ಗೆ ಕಾಪಿ ಬೇಕಂತೆ, ಅಂಗೇ ನಂಗೂ ಒಂದ್ಲೋಟ ತರಕ್ಕೇಳಿ" ಎಂದರು. ನಾನು ಕಾಫಿ ಕೇಳಿರಲಿಲ್ಲ. ಮುಜುಗರದಿಂದ ಜಯಮ್ಮನವರ ಕಡೆ ತಿರುಗುವಷ್ಟರಲ್ಲಿ ಅವರು, "ಮೇಡಮ್ನೋರೆ, ಆವಯ್ಯಂಗೆ ಸಕ್ಕರೆ ಕಾಯ್ಲೆ ಐತೆ. ಸಕ್ಕರೆ ಆಕಾಕಿಲ್ಲ ಅಂತ ಏಳ್ಬುಡಿ" ಎಂದು ಎದ್ದರು. ನಾನು ಗೌಡರಿಗೆ ಹೇಳಿದೆ. "ಅರ್ಧ ಚಮ್ಚ ಅನ್ನಿ" ಎಂದರು. ಅಡುಗೆಮನೆಯ ಬಾಗಿಲಿಗೆ ಹೋಗಿ ಅದನ್ನೂ ಹೇಳಿದೆ. ಹೀಗೆ ಟೇಬಲ್ ಫ್ಯಾನಿನಂತೆ ಅತ್ತಿತ್ತ ಕತ್ತು ತಿರುಗಿಸುತ್ತ ಆ ಬೆಳಗನ್ನೆಲ್ಲ ಕಳೆದೆ. ಇಬ್ಬರ ಕಿವಿಯೂ ಚುರುಕಾಗಿತ್ತು, ಹಾಲೂ ಅಂಥ ದೊಡ್ಡದಲ್ಲ. ಆದರೂ ನಾನು ಬಾಯಿಬಿಡುವ ತನಕ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಿದಂತೆ ಕಾಣಲಿಲ್ಲ.

ಕಾರಣ ತಿಳಿದದ್ದು ಬಸ್ಸಿಗೆ ಕಾಯುವಾಗ. ಜಯಮ್ಮ ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದಿದ್ದರು.

"ಮನೆ ಕಟ್ಟೋವಾಗ ನಾನು ಒಂದೇ ಒಂದು ಕೇಳಿದ್ದು ಕಣಮ್ಮ. ಅಡ್ಗೆಮನೇಲಿ ನಿಂತ್ರೆ ಕೊಟ್ಗೆ ಕಾಣಂಗೆ ಒಂದು ಕಿಟ್ಕಿ. ಅಸ ಏನ್ಮಾಡ್ತಾವೆ, ಕರ ಅಗ್ಗ ಬಿಚ್ಕಂಡದಾ, ನೋಡ್ಕಂಡು ಮುದ್ದೆ ತಿರುವ್ಬೋದು ಅಂತ. ತವರಿಗೋಗಿ ಬರೋವೊತ್ಗೆ ಗ್ವಾಡೆ ಎದ್ದು ಗಿಲಾವೂ ಆಗೋಗದೆ. ಯಾಕೆ ಅಂದ್ರೆ ವಾಸ್ತು ಅಂದ. ಅವತ್ತಿಂದ ನಾನು ಆವಯ್ಯನ್ನ ಮಾತಾಡ್ಸಿಲ್ಲ."

ದೂರದಲ್ಲಿ ಬಸ್ಸು ಕಂಡಾಗ ಅವರು ನನ್ನ ಕೈ ಹಿಡಿದು, "ಆಲ್ನಲ್ಲಿ ಅಡ್ಡಕ್ಕೆ ಒಂದು ಪಾರ್ಟಿಸನ್ನು ಮಾಡ್ಕೊಡಿ. ಈ ಕಡೆ ಕುಂತ್ರೆ ಆವಯ್ಯನ ಮಕ ಕಾಣ್ಬಾರ್ದು" ಎಂದರು. ನಾನು ಮನೆ ಸೇರುವಷ್ಟರಲ್ಲಿ ಗೌಡರ ಫೋನು ಬಂತು. "ಮೇಡಮ್ನೋರೆ, ಒಂದು ಮಾತು. ಆಲ್ ಮಧ್ಯಕ್ಕೆ ಒಂದು ಪಾರ್ಟಿಸನ್ನು ಬೇಕಾಗಿತ್ತು. ಆ ಕಡೆಯೋರು ಈ ಕಡೆ ಕಾಣ್ದಂಗೆ."

ಆ ಮನೆಯಲ್ಲಿ ವರ್ಷದಿಂದೀಚೆಗೆ ಗಂಡಹೆಂಡಿರು ಒಮ್ಮತಕ್ಕೆ ಬಂದ ಏಕೈಕ ವಿಷಯ ಅದಾಗಿತ್ತು.

ಚೇತನನಿಗೆ ಹೇಳಿದರೆ ಅವನ ಮುಖ ಅರಳಿತು. ಗಿರಾಕಿಗಳಿಬ್ಬರೂ ಒಂದೇ ಬೇಡಿಕೆ ಇಡುವ ಭಾಗ್ಯ ಈ ವೃತ್ತಿಯಲ್ಲಿ ಎಲ್ಲರಿಗೂ ಒದಗುವುದಿಲ್ಲವಂತೆ. ನಾನು ಉತ್ಸಾಹದಿಂದ ಮರದ ಜಾಲಂಧ್ರದ ಅಡ್ಡಗೋಡೆಯೊಂದನ್ನು ಬರೆದು ಗೌಡರಿಗೆ ಫೋಟೋ ಕಳಿಸಿದೆ. ತೂತುಗಳಲ್ಲಿ ಮುಖ ಕಾಣುತ್ತದೆಂದು ಅದು ತಿರಸ್ಕೃತವಾಯಿತು. ತೂತಿಲ್ಲದ ಹಲಗೆಯನ್ನು ಸೂಚಿಸಿದೆ. ಆಗ ಟಿವಿ ಯಾರ ಕಡೆ ಇರಬೇಕೆಂಬ ಪ್ರಶ್ನೆ ಎದ್ದಿತು. ಎರಡು ಟಿವಿ ಎಂದರೆ ಇಬ್ಬರೂ ಒಪ್ಪಲಿಲ್ಲ, ದುಂದುವೆಚ್ಚವಂತೆ. ಕೊನೆಗೆ ಚೇತನ್ ಅಡ್ಡಗೋಡೆಯ ನಡುವೆ ಚೌಕಟ್ಟು ಕೊರೆದು, ಗಿರಗಿರನೆ ಸುತ್ತುವ ಕಂಬಕ್ಕೆ ಟಿವಿ ಕೂರಿಸುವ ಯೋಜನೆ ಹೇಳಿದ. ಸಂಜೆ ಧಾರಾವಾಹಿಯ ಹೊತ್ತಿಗೆ ಅತ್ತ, ವಾರ್ತೆಯ ಹೊತ್ತಿಗೆ ಇತ್ತ. ತಿರುಗಿಸುವವರು ಯಾರು ಎಂದು ನಾನು ಕೇಳಿದೆ. ಅದು ವಿನ್ಯಾಸದ ವ್ಯಾಪ್ತಿಗೆ ಬರುವುದಿಲ್ಲ ಎಂದ.

ನಾನು ಶ್ರದ್ಧೆಯಿಂದ ಮಾದರಿ ಕಟ್ಟಿದೆ. ಹಾಲು, ಅಡುಗೆಮನೆ, ಸುತ್ತುವ ಟಿವಿ, ಅಡ್ಡಗೋಡೆಯ ಆಚೀಚೆ ಒಂದೊಂದು ಕುರ್ಚಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ಚೇತನನೊಡನೆ ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕುಳಿತಾಗ ಪಕ್ಕದ ಹೆಂಗಸು, ಗಣೇಶನನ್ನು ಎಲ್ಲಿ ಕೂರಿಸುತ್ತೀರಿ ಎಂದು ವಿಚಾರಿಸಿದರು. ಇದು ಮಂಟಪವಲ್ಲ, ಮನೆ; ಇಲ್ಲಿ ಗಂಡ, ಅಲ್ಲಿ ಹೆಂಡತಿ, ನಡುವೆ ಗೋಡೆ ಎಂದು ವಿವರಿಸಿದೆ. ಆಕೆ ಚಿನಕುರಳಿ ದಾಟುವವರೆಗೂ ಮಾದರಿಯನ್ನೇ ದಿಟ್ಟಿಸಿ, "ಇಂಥದ್ದು ನಂಗೂ ಒಂದು ಮಾಡ್ಕೊಡ್ತೀರಾ" ಎಂದರು.

ಗೌಡರ ಮನೆಯಲ್ಲಿ ಮಾದರಿಯನ್ನು ಟೀಪಾಯಿಯ ಮೇಲಿಟ್ಟೆವು. ಚೇತನ್ ಒಪ್ಪಿಗೆಗೆ ಸಿದ್ಧನಾಗಿ ಕುಳಿತ. ಗೌಡರು ಬೆರಳಿನಿಂದ ಟಿವಿಯನ್ನು ಒಮ್ಮೆ ತಿರುಗಿಸಿದರು. ಜಯಮ್ಮ ಮರಳಿ ತಮ್ಮ ಕಡೆಗೆ ತಿರುಗಿಸಿದರು. ನನ್ನ ಸರ್ಟಿಫಿಕೇಟು ಇನ್ನೇನು ಕೈಗೆ ಬಂತು ಎನ್ನುವಾಗ ಜಯಮ್ಮ ಬಗ್ಗಿ, ಅಡುಗೆಮನೆಯ ಗೋಡೆಗೆ ಕಣ್ಣಿಟ್ಟು, "ಇದ್ಯಾರು ಇಲ್ಲಿ ಕಿಟ್ಕಿ ಮಡಗಿದ್ದು" ಎಂದರು.

ನಾನೂ ಬಗ್ಗಿ ನೋಡಿದೆ. ಕಿಟಕಿ ಇರಬಾರದಿದ್ದ ಗೋಡೆಯಲ್ಲಿ ಅಚ್ಚುಕಟ್ಟಾದ ಒಂದು ಕಿಟಕಿಯಿತ್ತು. ಆಕೆ ರಸ್ತೆಯಲ್ಲಿ ನಿಂತು ಹೇಳಿದ್ದ ಕಿಟಕಿ ನನ್ನ ತಲೆಯಲ್ಲಿ ಹೇಗೆ ನಿಂತುಬಿಟ್ಟಿತ್ತೆಂದರೆ, ಥರ್ಮಾಕೋಲು ಕತ್ತರಿಸುವಾಗ ಕೈ ತಾನಾಗಿ ಅದನ್ನು ಕೊರೆದಿತ್ತು. ಚೇತನ್ ನನ್ನ ಕಿವಿಯಲ್ಲಿ "ಆಗಮಸಂಧಿ" ಎಂದ. ಈ ಸಲ ಅವನ ಉತ್ತರ ಸರಿಯಾಗಿತ್ತು.

ತಪ್ಪಾಯಿತು, ಮುಚ್ಚಿಬಿಡುತ್ತೇನೆ ಎಂದು ಅಂಟಿಗೆ ಕೈಹಾಕಿದೆ. "ಮುಚ್ಬೇಡಿ" ಎಂದರು ಗೌಡರು. ಮಾದರಿಯನ್ನೇ ನೋಡುತ್ತ, ಅದಕ್ಕೇ ಹೇಳುವವರ ಹಾಗೆ ಮಾತಾಡಿದರು.

"ವಾಸ್ತುನೂ ಇಲ್ಲ ಏನೂ ಇಲ್ಲ. ಗಾರೆಯವ್ನು ಮರ್ತ. ನಾನು ಆ ವಾರ ಪೂರ್ತಿ ಕಬ್ಬು ಲೋಡು ಮಾಡ್ಸಕ್ಕೋಗಿದ್ದೆ, ನೋಡ್ನಿಲ್ಲ. ಬಂದು ನೋಡ್ತೀನಿ, ಗಿಲಾವು ಆಗೋಗದೆ. ನೀನು ಕೇಳಿದ್ದು ಅದೊಂದೇ. ಅದ್ನೇ ಮರ್ತೆ ಅಂತ ಎಂಗೇಳದು. ನಾಚ್ಕೆ ಆಯ್ತು. ವಾಸ್ತು ಅಂದ್ಬುಟ್ಟೆ."

ನಾನು ಅಭ್ಯಾಸದಂತೆ ಜಯಮ್ಮನ ಕಡೆ ತಿರುಗಿ ಮಾತನ್ನು ದಾಟಿಸಲು ಬಾಯಿ ತೆರೆದೆ. ಆಕೆ ಕೈಯೆತ್ತಿ ನನ್ನನ್ನು ತಡೆದರು.

"ಅಂಗಂತ ಅವತ್ತೇ ಬಾಯ್ಬುಡಕ್ಕೆ ಏನಾಗಿತ್ತು ನಿಂಗೆ? ಒಂದೊರ್ಸದಿಂದ ಆ ವಾಸ್ತು ಏಳಿದ್ದ ಅಯ್ನೋರ್ಗೆ ದಿನಾ ಶಾಪ ಆಕ್ತಾ ಇವ್ನಿ. ಪಾಪ, ಅವ್ರು ಉಟ್ಟೇ ಇಲ್ಲ."

ಕನ್ನಡದ ಮೇಷ್ಟರು ನಿವೃತ್ತರಾದರೂ ವ್ಯಾಕರಣ ನಿವೃತ್ತವಾಗುವುದಿಲ್ಲ. ಇಷ್ಟು ಕಾಲ 'ಆವಯ್ಯ'ನಾಗಿ ಪ್ರಥಮ ಪುರುಷದಲ್ಲಿ ಕೊಳೆಯುತ್ತಿದ್ದ ಬೋರೇಗೌಡರು ನನ್ನ ಕಣ್ಣೆದುರಿಗೇ 'ನಿಂಗೆ' ಎಂಬ ಒಂದು ಮಾತಿನಿಂದ ಮಧ್ಯಮ ಪುರುಷಕ್ಕೆ ಬಂದದ್ದನ್ನು ನಾನು ಗಮನಿಸದಿರಲಿಲ್ಲ. ಅದು ಬಡ್ತಿಯೋ ಹಿಂಬಡ್ತಿಯೋ ಎಂದು ಯೋಚಿಸುವಷ್ಟರಲ್ಲಿ ಜಗಳ ಆರಂಭವಾಗಿತ್ತು. ವರ್ಷದ ಬಾಕಿ ಜಗಳವೆಲ್ಲ ಒಟ್ಟಿಗೆ ಬಂತು. ಗಬ್ಬದ ಹಸುವಿನ ವಿಷಯ, ಬೀಗರ ಮನೆಗೆ ಹೋಗದ ವಿಷಯ, ಕದ್ದು ತಿಂದ ಮೈಸೂರುಪಾಕಿನ ವಿಷಯ. ಎಲ್ಲವನ್ನೂ ಅವರು ಪರಸ್ಪರ ನೇರವಾಗಿ, ಗಟ್ಟಿಯಾಗಿ, ತುಂಬು ಸಂತೋಷದಿಂದ ಎಂದೇ ನನಗನ್ನಿಸಿತು, ಹೇಳಿಕೊಂಡರು. ನಾನೂ ಚೇತನ್ನೂ ಮಾದರಿಯ ಆಚೀಚೆ ಆ ಮನೆಗೆ ಬೇಡವಾದ ಎರಡು ಪೀಠೋಪಕರಣಗಳಂತೆ ಕುಳಿತಿದ್ದೆವು.

ಮಾತಿನ ನಡುವೆಯೇ ಗೌಡರು ಎದ್ದು ಹೋಗಿ ಹಾರೆ ತಂದರು. ನಾನು ಗಾಬರಿಯಾದೆ. ಅವರು ಹೊರಗಿನಿಂದ ಬಳಸಿ ಹೋಗಿ ಅಡುಗೆಮನೆಯ ಗೋಡೆಗೆ ಬೀಸಿದರು. ಒಳಗಿನಿಂದ ಜಯಮ್ಮ "ಇನ್ನೂ ಮ್ಯಾಕೆ, ಇನ್ನೂ ಮ್ಯಾಕೆ" ಎಂದು ದಾರಿ ತೋರಿಸುತ್ತಿದ್ದರು. ಸಾಂಬಾರಿನ ಪಾತ್ರೆಗೆ ಧೂಳು ಬೀಳುವುದೆಂದು ಚೇತನ್ ತಟ್ಟೆ ಮುಚ್ಚಿದ. ಆ ದಿನ ವಿನ್ಯಾಸಕಾರರಿಂದ ನಡೆದ ಉಪಯುಕ್ತ ಕೆಲಸ ಅದೊಂದೇ. ಇಟ್ಟಿಗೆ ಕಳಚಿ ಬೆಳಕು ಒಳಬಂತು. ಆ ಬೆಳಕಿನಲ್ಲಿ ಮೊದಲು ಕಂಡದ್ದು ಸುಣ್ಣ ಮೆತ್ತಿದ ಗೌಡರ ಮುಖ, ಅವರ ಹೆಗಲ ಹಿಂದೆ ಸದ್ದಿಗೆ ಕಿವಿ ನಿಮಿರಿಸಿದ ಹಸುವಿನ ಮುಖ. ಜಯಮ್ಮ ಎರಡನ್ನೂ ಸಾವಕಾಶವಾಗಿ ನೋಡಿ, ಲೋಟಕ್ಕೆ ಕಾಫಿ ಬಗ್ಗಿಸಿ, ಕಂಡಿಯಿಂದ ಹೊರಗೆ ಚಾಚಿ, "ತಗ. ಅರ್ಧ ಚಮ್ಚ ಆಕಿವ್ನಿ" ಎಂದರು.

ಅಡ್ಡಗೋಡೆಯ ಪ್ರಸ್ತಾಪವನ್ನು ಮತ್ತೆ ಯಾರೂ ಎತ್ತಲಿಲ್ಲ. ಚೇತನ್ ವಾಪಸು ಬರುವಾಗ ಬಸ್ಸಿನಲ್ಲಿ ಬಹಳ ಸಂಕಟದಿಂದ, ಹಾಲಿನ ವಿನ್ಯಾಸಕ್ಕೆ ಒಪ್ಪಿಗೆ ಸಿಗದ ಕಾರಣ ನಿಯಮದ ಪ್ರಕಾರ ನಾನು ನಪಾಸು ಎಂದು ತಿಳಿಸಿದ. ಹುಡುಗ ನ್ಯಾಯವಂತ; ನನಗೆ ಹೆಮ್ಮೆಯೇ ಆಯಿತು. ಮುಂದಿನ ತಂಡದವರೊಂದಿಗೆ ಮತ್ತೆ ಪರೀಕ್ಷೆಗೆ ಕುಳಿತು, ಮಾತಾಡಿಕೊಂಡೇ ಇದ್ದ ಒಂದು ಸಾಧು ಸಂಸಾರದ ಹಾಲಿಗೆ ತಿಳಿ ಹಸಿರು ಬಳಿಸಿ, ಸರ್ಟಿಫಿಕೇಟು ಪಡೆದೆ. ಮನೆಯೆಂಬುದು ನಾಲ್ಕು ಗೋಡೆಗಳ ಲೆಕ್ಕವೇನೋ ನಿಜ. ಆದರೆ ಯಾವ ಗೋಡೆಯ ಹಿಂದೆ ಯಾರ ಮಾತು ಸಿಕ್ಕಿಕೊಂಡಿದೆಯೆಂದು ಟೇಪು ಹಿಡಿದು ತಿಳಿಯುವ ವಿಧಾನ ಆ ಪಠ್ಯದಲ್ಲಿರಲಿಲ್ಲ.

ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಎಲ್ಲಿ ತೂಗುಹಾಕುವುದೆಂದು ನಾನೂ ಯಜಮಾನರೂ ಚರ್ಚಿಸುತ್ತಿದ್ದಾಗ ಫೋನು ಬಂತು. ನಾಗಮಂಗಲದ ಕಡೆಯ ಹೆಣ್ಣುದನಿ, ಗುರುತಿಲ್ಲದವರು. ಹೇಮಗಿರಿ ಕಡೆಯ ನೆಂಟರಿಂದ ನಂಬರು ಸಿಕ್ಕಿತೆಂದರು. ನನ್ನ ಮೊದಲ ಗಿರಾಕಿ. ಹಾಲೋ, ಅಡುಗೆಮನೆಯೋ, ಬಣ್ಣವೋ, ಕಪಾಟೋ ಎಂದು ಕಲಿತ ಕ್ರಮದಲ್ಲಿ ವಿಚಾರಿಸಿದೆ.

"ಅದೆಲ್ಲಾ ಏನೂ ಬ್ಯಾಡ ಮೇಡಮ್ನೋರೆ," ಎಂದರು ಆಕೆ. ಆಮೇಲೆ ದನಿ ತಗ್ಗಿಸಿ, "ನಮ್ಮನೆ ಕಿಟ್ಕಿಗುಳೆಲ್ಲಾ ಸರ್ಯಾಗೇ ಅವೆ. ಆದ್ರೂ ನಾವಿಬ್ರೂ ಮಾತಾಡ್ತಿಲ್ಲ. ಒಂದ್ಸಲ ಬಂದು ಅಳತೆ ತಗಳಿ."